ಕಾರು ತಗ್ಗಿತು, ನಡುಕ ಹುಟ್ಟಿತು

ಜಯನಗರದ ಅಗಲ ರಸ್ತೆಗಳಲ್ಲಿ, ಜೆ.ಪಿ. ನಗರದ ರಿಂಗ್ ರಸ್ತೆಯಲ್ಲಿ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಯ ತಿರುವುಗಳಲ್ಲಿ ಹೊಟ್ಟೆ ನೆಲಕ್ಕೆ ತಾಗುವಂತೆ ಓಡುವ ಕಾರುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಕಾರ್ಖಾನೆಯಿಂದ ಬಂದಾಗ ಅವು ಹಾಗಿರಲಿಲ್ಲ. ಉದ್ದದ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು ತಗ್ಗಿಸುವುದು ಯುವಕರ ಒಂದು ಹವ್ಯಾಸ. ತಗ್ಗಿದ ಕಾರು ನೋಡಲು ಚೆಂದ, ತಿರುವಿನಲ್ಲಿ ಕಡಿಮೆ ವಾಲುತ್ತದೆ ಎಂಬುದು ಅವರ ವಾದ. ವಾದದಲ್ಲಿ ಸತ್ಯವೂ ಇದೆ. ಗುರುತ್ವ ಕೇಂದ್ರ ಕೆಳಗಿಳಿದಷ್ಟೂ ವಾಲುವಿಕೆ ಕಡಿಮೆಯಾಗುತ್ತದೆ ಎಂದು ಹೈಸ್ಕೂಲಿನ ಪುಸ್ತಕವೇ ಹೇಳುತ್ತದೆ.

ಆದರೆ ಕಾರು ತಗ್ಗಿದ ಕೆಲವೇ ದಿನಗಳಲ್ಲಿ ಮನೆಯಲ್ಲಿ ಹೊಸದೊಂದು ದೂರು ಶುರುವಾಗಬಹುದು. ಒಂದು ವೇಗ ಮುಟ್ಟಿದ ಕೂಡಲೇ ಕಾರು ನಡುಗುತ್ತದೆ. ಸ್ಟೀರಿಂಗ್ ಕೈಯಲ್ಲಿ ಅದುರುತ್ತದೆ, ಇಲ್ಲವೇ ಸೀಟು ಜುಮ್ಮೆನ್ನುತ್ತದೆ. ಕಾರನ್ನು ಗ್ಯಾರೇಜಿಗೆ ಒಯ್ದರೆ ಮೊದಲ ಸಲಹೆ, "ವೀಲ್ ಬ್ಯಾಲೆನ್ಸಿಂಗ್ ಮಾಡಿಸಿಬಿಡಿ ಸಾರ್." ನಡುಕ ಹೋಗಲಿಲ್ಲವೆಂದರೆ "ಟೈರ್ ಬದಲಾಯಿಸಿ ನೋಡೋಣ." ಆಗಲೂ ಹೋಗದಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್, ಎಂಜಿನ್ ಮೌಂಟಿಂಗ್ ಹೀಗೆ ಪಟ್ಟಿ ಬೆಳೆಯುತ್ತದೆ. ಪಟ್ಟಿಯ ಜೊತೆಗೆ ತಂದೆಯ ಜೇಬಿನ ಮೇಲಿನ ಭಾರವೂ ಬೆಳೆಯುತ್ತದೆ. ಕೊನೆಗೆ ಕಾರಣ ಸಿಕ್ಕದೆ, ನಡುಗುವ ಕಾರಿನಲ್ಲೇ ಮಗ ಹೆದ್ದಾರಿಗೆ ಇಳಿಯುತ್ತಾನೆ. ಅಪಾಯ ಇರುವುದು ಅಲ್ಲಿ.

"ಯಾವ ಭಾಗ ಬದಲಾಯಿಸಬೇಕು?" ಎಂಬುದು ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯಲ್ಲ. "ಸೆಕೆಂಡಿಗೆ ಎಷ್ಟು ಸಲ ನಡುಗುತ್ತಿದೆ? ಯಾವಾಗ ನಡುಗುತ್ತಿದೆ?" ಎಂಬುದು ಮೊದಲ ಪ್ರಶ್ನೆ. ಕಾರಿನಲ್ಲಿ ತಿರುಗುವ ಪ್ರತಿಯೊಂದು ಭಾಗಕ್ಕೂ ತನ್ನದೇ ಲಯವಿದೆ. ನಡುಕದ ಲಯ ಯಾವ ಭಾಗದ ಲಯಕ್ಕೆ ಹೊಂದುತ್ತದೋ ಆ ಭಾಗದ ಕಡೆಗೇ ಅನುಮಾನದ ಬೆರಳು ತಿರುಗಬೇಕು. ಇದಕ್ಕೆ ಬೇಕಾಗುವ ಗಣಿತ ಭಾಗಾಕಾರ, ಗುಣಾಕಾರ ಮತ್ತು ಒಂದು ವರ್ಗಮೂಲ. ಅಷ್ಟೇ.

ಹುಕ್ ಮಹಾಶಯನ ಎರಡು ಕೊಡುಗೆ

ಈ ಸಮಸ್ಯೆಯ ಎರಡು ತುದಿಯಲ್ಲೂ ಒಬ್ಬನೇ ವಿಜ್ಞಾನಿಯ ಹೆಸರಿರುವುದು ಸ್ವಾರಸ್ಯದ ಸಂಗತಿ. ಆತ ಇಂಗ್ಲೆಂಡಿನ ರಾಬರ್ಟ್ ಹುಕ್ (1635-1703). ಸ್ಪ್ರಿಂಗನ್ನು ಎಳೆದಷ್ಟೂ ಅಥವಾ ಒತ್ತಿದಷ್ಟೂ ಅದೇ ಪ್ರಮಾಣದಲ್ಲಿ ಬಲ ಹೆಚ್ಚುತ್ತದೆ ಎಂಬ ಅವನ ನಿಯಮ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆ ನಿಯಮವನ್ನು ಹುಕ್ ಮೊದಲು ಪ್ರಕಟಿಸಿದ್ದು ಅಕ್ಷರಗಳನ್ನು ಕಲಸಿಟ್ಟ ಒಗಟಿನ ರೂಪದಲ್ಲಿ, 1676ರಲ್ಲಿ. ಒಗಟನ್ನು ಬಿಡಿಸಿ ಹೇಳಿದ್ದು ಎರಡು ವರ್ಷಗಳ ನಂತರ, 1678ರಲ್ಲಿ. 1676ರ ಅದೇ ಪುಸ್ತಕದಲ್ಲಿ ಅವನು ವಿವರಿಸಿದ ಇನ್ನೊಂದು ಸಾಧನವೆಂದರೆ, ಒಂದಕ್ಕೊಂದು ಕೋನದಲ್ಲಿರುವ ಎರಡು ದಂಡಗಳನ್ನು ಜೋಡಿಸಿ ಒಂದರ ತಿರುಗುವಿಕೆಯನ್ನು ಇನ್ನೊಂದಕ್ಕೆ ದಾಟಿಸುವ ಕೀಲು. ನಮ್ಮ ಮೆಕ್ಯಾನಿಕ್‌ಗಳು ಯು.ಜೆ. ಕ್ರಾಸ್ ಎನ್ನುವುದು ಈ ಕೀಲಿನ ನಡುವೆ ಕೂರುವ ಕೂಡಿಸುವ ಚಿಹ್ನೆಯಾಕಾರದ ಭಾಗವನ್ನು.

ಕಾರು ತಗ್ಗಿಸುವಾಗ ಕೈ ಹಾಕುವುದು ಹುಕ್‌ನ ಸ್ಪ್ರಿಂಗಿಗೆ. ಆದರೆ ಅದರ ಪರಿಣಾಮ ಹೋಗಿ ತಟ್ಟುವುದು ಹುಕ್‌ನ ಕೀಲಿಗೆ ಮತ್ತು ಅದರ ವಂಶಸ್ಥರಿಗೆ. ಚಕ್ರ ನೆಲದ ಮೇಲೇ ಇರುತ್ತದೆ, ಕಾರಿನ ಮೈ ಮಾತ್ರ ಕೆಳಗಿಳಿಯುತ್ತದೆ. ಗೇರ್ ಬಾಕ್ಸ್ ಇರುವುದು ಮೈಯಲ್ಲಿ. ಅದರಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ಒಂದು ತುದಿ ಇಳಿದು ಇನ್ನೊಂದು ತುದಿ ಇದ್ದಲ್ಲೇ ಉಳಿದರೆ ಶಾಫ್ಟಿನ ಕೋನ ಬದಲಾಗಲೇಬೇಕು. ಜೊತೆಗೆ ಚಕ್ರ ನಿಂತಿರುವ ಓರೆ, ಸ್ಟೀರಿಂಗ್ ದಂಡದ ಕೋನ, ರಬ್ಬರ್ ಬುಷ್‌ಗಳ ತಿರುಚು ಎಲ್ಲವೂ ಬದಲಾಗುತ್ತವೆ. ಬದಲಾಯಿಸಿದ್ದು ಒಂದೇ ಭಾಗವಾದರೂ ಕದಲಿದ್ದು ಐದಾರು. ರೋಗ ಪತ್ತೆ ಮಾಡುವುದು ಕಷ್ಟವಾಗುವುದು ಈ ಕಾರಣಕ್ಕೆ.

ಮೊದಲ ಲಯ: ಎಣಿಸಬಹುದಾದ ತೂಗಾಟ

ಸ್ಪ್ರಿಂಗಿನ ಮೇಲೆ ಕುಳಿತ ಕಾರಿನ ಮೈ ಒಂದು ತೂಗುಯ್ಯಾಲೆಯಂತೆ. ಅದಕ್ಕೆ ತನ್ನದೇ ಸಹಜ ಆವೃತ್ತಿ ಇದೆ. ಇದನ್ನು ಕಂಡುಹಿಡಿಯಲು ಸುಲಭವಾದ ಸೂತ್ರವಿದೆ. ಕಾರಿನ ತೂಕಕ್ಕೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಗ್ಗುತ್ತದೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಬೇಕು. 25 ಸೆಂ.ಮೀ. ಕುಗ್ಗಿದರೆ ಸೆಕೆಂಡಿಗೆ 1 ತೂಗು. 16 ಸೆಂ.ಮೀ. ಕುಗ್ಗಿದರೆ 1.25. 9 ಸೆಂ.ಮೀ. ಮಾತ್ರ ಕುಗ್ಗಿದರೆ ಸುಮಾರು 1.7. ಸಾಧಾರಣ ಕುಟುಂಬದ ಕಾರುಗಳು ಸೆಕೆಂಡಿಗೆ ಒಂದರಿಂದ ಒಂದೂವರೆ ತೂಗಿನ ಆಸುಪಾಸಿನಲ್ಲಿರುತ್ತವೆ. ನಡೆಯುವಾಗ ನಮ್ಮ ಮೈ ಏರಿಳಿಯುವ ಲಯವೂ ಇದಕ್ಕೆ ಹತ್ತಿರವಾದ್ದರಿಂದ ಅದು ನಮಗೆ ಹಿತವೆನಿಸುತ್ತದೆ.

ಗಿಡ್ಡ ಸ್ಪ್ರಿಂಗನ್ನು ಬೇಕೆಂದೇ ಹೆಚ್ಚು ಬಿಗಿಯಾಗಿ ಮಾಡಿರುತ್ತಾರೆ. ಇಲ್ಲದಿದ್ದರೆ ಸಣ್ಣ ಗುಂಡಿಯಲ್ಲೂ ಕಾರಿನ ಮೈ ಕೆಳಗಿನ ರಬ್ಬರ್ ತಡೆಗೆ ಬಡಿಯುತ್ತದೆ. ಹಾಗಾಗಿ ತಗ್ಗಿಸಿದ ಕಾರು ಒರಟಾಗಿ ಕುಲುಕುವುದು ಸಹಜ. ಇದು ರೋಗವಲ್ಲ, ಗುಣ. ಹಣ ಕೊಟ್ಟು ತಂದದ್ದೇ ಅದು.

ರೋಗವಾಗುವುದು ಇನ್ನೊಂದು ಸಂದರ್ಭದಲ್ಲಿ. ಹಣ ಉಳಿಸಲೆಂದು ಕೆಲವರು ಹಳೆಯ ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿ ಹಾಕಿಸುತ್ತಾರೆ. 8 ಸುತ್ತಿನ ಸ್ಪ್ರಿಂಗ್ 6 ಸುತ್ತಾದರೆ ಅದರ ಬಿಗಿತ 8 ಭಾಗಿಸು 6, ಅಂದರೆ ಮೂರನೇ ಒಂದು ಪಾಲು ಹೆಚ್ಚುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಬಿಗಿತಕ್ಕೆ ಮಾಡಿದ್ದು. ಅದಕ್ಕೆ ಹೊಸ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ಶಕ್ತಿ ಸಾಲದೆ ಹೋಗಬಹುದು. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಚಕ್ರ ಗುಂಡಿಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಪೀಠದಿಂದ ಜಾರುವ ಅಪಾಯವಿದೆ. ಸ್ಪ್ರಿಂಗ್ ಕತ್ತರಿಸುವುದನ್ನು ಯಾವ ಕಾರಣಕ್ಕೂ ಒಪ್ಪಬಾರದು.

ಎರಡನೆಯ ಲಯ: ಚಕ್ರದ ನಡುಕ

ಕಣ್ಣಿಗೆ ಕಾಣುವ, ಕೈಗೆ ತಟ್ಟುವ, ಆದರೆ ಎಣಿಸಲಾಗದ ನಡುಕ ಎರಡನೆಯದು. 13 ಇಂಚಿನ ರಿಮ್ಮಿಗೆ ಹಾಕುವ 155/80 ಅಳತೆಯ ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22.2 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ 12 ಸಲಕ್ಕಿಂತ ಸ್ವಲ್ಪ ಹೆಚ್ಚು ಸುತ್ತುತ್ತದೆ. ಚಕ್ರದ ಅಂಚಿನಲ್ಲಿ ಒಂದು ಕಡೆ 30 ಗ್ರಾಂ ತೂಕ ಹೆಚ್ಚಾಗಿದ್ದರೆ ಈ ವೇಗದಲ್ಲಿ ಅದು ಸುಮಾರು 30 ನ್ಯೂಟನ್ ಬಲದಿಂದ ಚಕ್ರವನ್ನು ಎಳೆಯುತ್ತದೆ. ಅಂದರೆ ಮೂರು ಕಿಲೋ ಅಕ್ಕಿಯ ಚೀಲವನ್ನು ಸೆಕೆಂಡಿಗೆ 12 ಸಲ ಮೇಲಕ್ಕೂ ಕೆಳಕ್ಕೂ ಎಳೆದಾಡಿದಂತೆ. ವೇಗ ಅರ್ಧವಾದರೆ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಊರೊಳಗೆ 40ರಲ್ಲಿ ಸುಮ್ಮನಿದ್ದ ಕಾರು ಕನಕಪುರ ರಸ್ತೆಯಲ್ಲಿ ಊರು ದಾಟಿದ ಮೇಲೆ ನಡುಗುವುದು ಇದರಿಂದ.

ಇದರ ಜೊತೆಗೆ ಅನುರಣನೆಯೂ ಸೇರಿಕೊಳ್ಳುತ್ತದೆ. ಟೈರಿನ ಗಾಳಿ ಮತ್ತು ಸ್ಪ್ರಿಂಗ್ ಇವೆರಡರ ನಡುವೆ ಸಿಕ್ಕಿಕೊಂಡ ಚಕ್ರ, ಆಕ್ಸಲ್ ಭಾಗಗಳಿಗೂ ಸಹಜ ಆವೃತ್ತಿ ಇದೆ. ಅದು ಸಾಮಾನ್ಯವಾಗಿ 10ರಿಂದ 15 ಹರ್ಟ್ಸ್. 80-90 ಕಿ.ಮೀ. ವೇಗದಲ್ಲಿ ಚಕ್ರದ ಲಯ 12ರಿಂದ 14 ಆಗಿ ಇದರೊಳಗೆ ಸರಿಯಾಗಿ ಬೀಳುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೇ ತಳ್ಳಿದಂತೆ ಸಣ್ಣ ಬಲವೂ ದೊಡ್ಡ ನಡುಕವಾಗುತ್ತದೆ. ವೇಗ 100 ದಾಟಿದಾಗ ಕೆಲವು ಕಾರುಗಳಲ್ಲಿ ನಡುಕ ಕಡಿಮೆಯಾದಂತೆ ಅನ್ನಿಸುವುದೂ ಇದರಿಂದಲೇ. ದೋಷ ಹೋಗಿಲ್ಲ, ಲಯ ತಪ್ಪಿದೆ ಅಷ್ಟೆ. ಹೆಚ್ಚು ವೇಗವಾಗಿ ಓಡಿಸಿ ನಡುಕ ದಾಟಿಸುವುದು ಪರಿಹಾರವಲ್ಲ.

ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರ, ಸೀಟು ಅದುರಿದರೆ ಹಿಂದಿನ ಚಕ್ರ ಎಂಬುದು ಅನುಭವಿಗಳ ಮೊದಲ ಊಹೆ. ತಗ್ಗಿಸಿದ ಕಾರಿನಲ್ಲಿ ಈ ಲಯದ ನಡುಕಕ್ಕೆ ಮೂರು ವಿಶೇಷ ಕಾರಣಗಳಿವೆ.

ಮೊದಲನೆಯದು ಹೊಸ ಅಲಾಯ್ ಚಕ್ರ. ಹಲವರು ಸ್ಪ್ರಿಂಗ್ ಜೊತೆಗೇ ಅದನ್ನೂ ಹಾಕಿಸುತ್ತಾರೆ. ಕಂಪನಿಯ ಚಕ್ರದ ನಡುವಿನ ತೂತು ಹಬ್ಬಿನ ಮೇಲೆ ಬಿಗಿಯಾಗಿ ಕೂರುತ್ತದೆ. ಹೊರಗೆ ಕೊಂಡ ಚಕ್ರದ ತೂತು ಹಲವು ಕಾರುಗಳಿಗೆ ಹೊಂದಲೆಂದು ದೊಡ್ಡದಿರಬಹುದು. ಆ ಸಂದು ತುಂಬಲು ಒಂದು ಬಳೆ ಹಾಕಬೇಕು. ಹಾಕದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಅದು ನಡುವಿಗೇ ಕೂರುವುದರಿಂದ ಯಂತ್ರ ಸೊನ್ನೆ ತೋರಿಸುತ್ತದೆ. ಕಾರಿನ ಮೇಲೆ ನಡುಕ ಹಾಗೇ ಉಳಿಯುತ್ತದೆ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ನಡುಕದ ಗುಟ್ಟು ಕೆಲವೊಮ್ಮೆ ಈ ಒಂದು ಬಳೆ.

ಎರಡನೆಯದು ಅಲೈನ್‌ಮೆಂಟ್. ಕಾರು ತಗ್ಗಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಎರಡು ಚಕ್ರಗಳು ಒಂದನ್ನೊಂದು ನೋಡುವ ಕೋನವೂ ಕೆಡುತ್ತದೆ. ಆಗ ಟೈರ್ ಉರುಳುವುದರ ಜೊತೆಗೆ ಸ್ವಲ್ಪ ಉಜ್ಜಿಕೊಂಡೂ ಹೋಗುತ್ತದೆ. ಅಂಗೈಯನ್ನು ಟೈರಿನ ಮೇಲೆ ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ಸವರಿದರೆ ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ಚೂಪು ತಿಳಿಯುತ್ತದೆ. ಈ ನಡುಕ ಮೊದಲ ದಿನ ಇರುವುದಿಲ್ಲ. ಟೈರ್ ಸವೆಯುತ್ತ ಹೋದಂತೆ ಬರುತ್ತದೆ. "ತಗ್ಗಿಸಿದ ದಿನ ಚೆನ್ನಾಗಿತ್ತು, ಈಗ ನಡುಗುತ್ತಿದೆ" ಎಂದರೆ ಮೊದಲು ಟೈರ್ ಸವರಿ ನೋಡಬೇಕು.

ಮೂರನೆಯದು ಬಾಗಿದ ರಿಮ್. ಇದರ ಕಾರಣ ರಸ್ತೆಯಲ್ಲಿದೆ. ತಗ್ಗಿದ ಕಾರಿನ ಸ್ಪ್ರಿಂಗಿಗೆ ಕುಗ್ಗಲು ಜಾಗ ಕಡಿಮೆ. ಗುಂಡಿಯ ಪೆಟ್ಟಿನಲ್ಲಿ ಹೆಚ್ಚು ಪಾಲು ರಿಮ್ಮಿನ ಮೇಲೇ ಬೀಳುತ್ತದೆ.

ಮೂರನೆಯ ಲಯ: ಕಾಲೊತ್ತಿದಾಗ ಮಾತ್ರ

ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800ರಿಂದ ಹಿಡಿದು ಇಂದಿನ ಬಹುಪಾಲು ಸಣ್ಣ ಕಾರುಗಳವರೆಗೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಮುಂದಿನ ಚಕ್ರ ತಿರುಗಬೇಕು, ಏರಿಳಿಯಬೇಕು, ಜೊತೆಗೆ ಪಕ್ಕಕ್ಕೂ ಹೊರಳಬೇಕು. ಹುಕ್‌ನ ಕೀಲು ಇಷ್ಟು ಕೋನಕ್ಕೆ ಒಗ್ಗುವುದಿಲ್ಲ. ಕೋನದಲ್ಲಿ ಅದು ಒಂದೇ ಸಮನೆ ತಿರುಗದೆ ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. ಇದಕ್ಕೆ ಪರಿಹಾರವಾಗಿ ಗುಂಡುಗಳ ಮೂಲಕ ತಿರುಗುವಿಕೆಯನ್ನು ದಾಟಿಸುವ ಸಮವೇಗದ ಕೀಲನ್ನು 1920ರ ದಶಕದಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರೆಪ್ಪಾ ರೂಪಿಸಿದ. 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಅದನ್ನು ಬಳಸಿದ ಮೇಲೆ ಸಣ್ಣ ಕಾರುಗಳ ಲೋಕವೇ ಬದಲಾಯಿತು.

ಇಂದು ಇಂಥ ಕಾರಿನ ಪ್ರತಿ ಶಾಫ್ಟಿನಲ್ಲೂ ಎರಡು ಕೀಲುಗಳಿವೆ. ಚಕ್ರದ ಬಳಿಯದು ಗುಂಡುಗಳ ಕೀಲು. ಗೇರ್ ಬಾಕ್ಸ್ ಬಳಿಯದು ಅನೇಕ ಕಾರುಗಳಲ್ಲಿ ಮೂರು ಉರುಳೆಗಳ ಕೀಲು. ಚಕ್ರ ಏರಿಳಿದಾಗ ಶಾಫ್ಟ್ ಒಳಹೊರಗೆ ಜಾರಲು ಅನುವಾಗಲೆಂದು ಉರುಳೆಗಳು ಗಾಡಿಗಳಲ್ಲಿ ಓಡುತ್ತವೆ. ಕೋನ ಕಡಿಮೆಯಿದ್ದಾಗ ಎಲ್ಲ ಸರಿ. ಕೋನ ಹೆಚ್ಚಾಗಿ, ಮೇಲೆ ಎಂಜಿನ್ನಿನ ಬಲವೂ ಬಿದ್ದಾಗ ಪ್ರತಿ ಉರುಳೆಯೂ ತನ್ನ ಗಾಡಿಯಲ್ಲಿ ಉಜ್ಜಿ ಶಾಫ್ಟನ್ನು ಉದ್ದಕ್ಕೆ ತಳ್ಳುತ್ತದೆ. ಮೂರು ಉರುಳೆಗಳಿಂದ ಸುತ್ತಿಗೆ ಮೂರು ತಳ್ಳು. 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 9.3 ಸುತ್ತು. ಮೂರರಿಂದ ಗುಣಿಸಿದರೆ ಸುಮಾರು 28 ಹರ್ಟ್ಸ್. ಇಡೀ ಕಾರು ಅಡ್ಡಡ್ಡ ನಡುಗಿದಂತೆ ಅನ್ನಿಸುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣ ಮಾಯ.

ಅನೇಕ ಕಾರುಗಳಲ್ಲಿ ಈ ಶಾಫ್ಟ್ ಗೇರ್ ಬಾಕ್ಸಿನಿಂದ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಅಂಥಲ್ಲಿ ಸ್ವಲ್ಪ ತಗ್ಗಿಸಿದರೆ ಶಾಫ್ಟ್ ಮಟ್ಟಸವಾಗಿ ಕೋನ ಕಡಿಮೆಯೇ ಆಗಬಹುದು. ಅದಕ್ಕಿಂತ ಕೆಳಗೆ ಹೋದಾಗ ಇಳಿಜಾರು ಏರುಜಾರಾಗಿ ತೊಂದರೆ ಶುರು. ಒಬ್ಬನ ಕಾರು 20 ಮಿಲಿಮೀಟರ್ ತಗ್ಗಿದರೂ ಚೆನ್ನಾಗಿರುವುದು, ಅದೇ ಮಾದರಿಯ ಇನ್ನೊಬ್ಬನ ಕಾರು 50 ಮಿಲಿಮೀಟರ್ ತಗ್ಗಿ ನಡುಗುವುದು ಹೀಗೆ. ಗೆಳೆಯನ ಕಾರು ಸಾಕ್ಷಿಯಾಗುವುದಿಲ್ಲ.

ನಾಲ್ಕನೆಯ ಲಯ: ಕಿವಿಗೆ ಕೇಳುವ ಕಂಪನ

ಹಿಂದಿನ ಚಕ್ರಗಳಿಗೆ ಬಲ ಕೊಡುವ ವಾಹನಗಳಲ್ಲಿ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಇರುತ್ತದೆ. 2014ರವರೆಗೆ ತಯಾರಾದ ಅಂಬಾಸಡರ್, ಅದರ ಜೊತೆಗಾರ ಪ್ರೀಮಿಯರ್ ಪದ್ಮಿನಿ, ಬೆಂಗಳೂರಿನ ಪಕ್ಕದ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಇನ್ನೋವಾ ಕ್ರಿಸ್ಟಾ ಎಲ್ಲವೂ ಈ ಜಾತಿಗೆ ಸೇರಿದವು. ಇಲ್ಲಿ ಹುಕ್‌ನ ಕೀಲೇ ಕೆಲಸ ಮಾಡುತ್ತದೆ. ಕೀಲು 10 ಡಿಗ್ರಿ ಬಾಗಿದ್ದರೆ ಶಾಫ್ಟಿನ ವೇಗ ಪ್ರತಿ ಸುತ್ತಿನಲ್ಲೂ ನೂರಕ್ಕೆ ಒಂದೂವರೆಯಷ್ಟು ಹೆಚ್ಚು ಕಡಿಮೆಯಾಗುತ್ತದೆ. 3 ಡಿಗ್ರಿ ಇದ್ದರೆ ಸಾವಿರಕ್ಕೆ ಒಂದೂವರೆಗೂ ಕಡಿಮೆ.

ಈ ದೋಷವನ್ನು ಅಳಿಸಲು ಎಂಜಿನಿಯರುಗಳು ಶಾಫ್ಟಿನ ಎರಡು ತುದಿಗೂ ಸಮಾನ ಕೋನದಲ್ಲಿ ಒಂದೊಂದು ಕೀಲು ಇಡುತ್ತಾರೆ. ಮುಂದಿನ ಕೀಲು ಮಾಡಿದ ಏರುಪೇರನ್ನು ಹಿಂದಿನದು ಹೊಡೆದುಹಾಕುತ್ತದೆ. ಧನ ಒಂದು, ಋಣ ಒಂದು ಕೂಡಿದರೆ ಸೊನ್ನೆ ಆದಂತೆ. ವಾಹನ ತಗ್ಗಿಸಿದಾಗ ಹಿಂದಿನ ಆಕ್ಸಲ್ ತನ್ನ ತೋಳುಗಳ ಮೇಲೆ ಸ್ವಲ್ಪ ತಿರುಚಿಕೊಂಡರೆ ಎರಡು ಕೋನಗಳ ಸಮಾನತೆ ಕೆಡುತ್ತದೆ, ಲೆಕ್ಕ ಸೊನ್ನೆಗೆ ಬರುವುದಿಲ್ಲ. ಚಕ್ರದ ಒಂದು ಸುತ್ತಿಗೆ ಶಾಫ್ಟ್ 4 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ 80 ಕಿ.ಮೀ. ವೇಗದಲ್ಲಿ ಶಾಫ್ಟ್ ಸೆಕೆಂಡಿಗೆ 49 ಸುತ್ತು. ಸುತ್ತಿಗೆ ಎರಡು ಏರುಪೇರಿನಂತೆ ಸುಮಾರು 98 ಹರ್ಟ್ಸ್. ಇದು ಕೈಗಿಂತ ಕಿವಿಗೇ ಹೆಚ್ಚು. ನೆಲದಡಿಯಿಂದ ಗುಂಯ್ ಎಂಬ ದಪ್ಪ ದನಿ ಬರುತ್ತದೆ. ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಬೆಣೆ ಇಟ್ಟು ಅಥವಾ ತೋಳಿನ ಉದ್ದ ಹೊಂದಿಸಿ ಕೋನ ಸರಿಪಡಿಸಬೇಕೇ ಹೊರತು ಟೈರ್ ಬದಲಾಯಿಸಿ ಪ್ರಯೋಜನವಿಲ್ಲ.

ಗೊಂದಲಕ್ಕೆ ಇಲ್ಲೊಂದು ಎಡೆಯಿದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೂ ಸೆಕೆಂಡಿಗೆ 100 ಸ್ಫೋಟಗಳಾಗುತ್ತವೆ. ಅದೂ 100 ಹರ್ಟ್ಸ್. ಎರಡನ್ನೂ ಬೇರ್ಪಡಿಸಲು ಕಿವಿ ಒಂದೇ ಸಾಲದು, ಪರೀಕ್ಷೆ ಬೇಕು.

ಪರೀಕ್ಷೆಯ ಕ್ರಮ

ಡಾಕ್ಟರು ಮಾತ್ರೆ ಬರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳುವಂತೆ ಕಾರಿಗೂ ನಾಲ್ಕು ಪ್ರಶ್ನೆ ಕೇಳಬೇಕು. ಅನುಭವಿ ಚಾಲಕ, ಖಾಲಿ ರಸ್ತೆ, ಆ ರಸ್ತೆಯ ವೇಗದ ಮಿತಿ ಈ ಮೂರೂ ಇದ್ದರೆ ಮಾತ್ರ ಓಡಿಸಿ ನೋಡಬೇಕು. ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ಹೊರಡುವ ಮೊದಲೇ ಪರೀಕ್ಷಿಸಬೇಕು.

ಒಂದು: ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಎಂಜಿನ್ ವೇಗ ನಿಧಾನವಾಗಿ ಏರಿಸಿ. ಆಗಲೂ ನಡುಗಿದರೆ ಕಾರಣ ಎಂಜಿನ್, ಅದರ ಮೌಂಟಿಂಗ್ ಅಥವಾ ತಗ್ಗಿದ ಮೇಲೆ ಎಲ್ಲೋ ತಾಗುತ್ತಿರುವ ಸೈಲೆನ್ಸರ್ ಕೊಳವೆ. ಚಕ್ರ, ಶಾಫ್ಟುಗಳು ಆಗ ತಿರುಗುತ್ತಿಲ್ಲವಾದ್ದರಿಂದ ಅವು ನಿರಪರಾಧಿಗಳು.

ಎರಡು: ಒಂದೇ ವೇಗದಲ್ಲಿ ಗೇರ್ ಬದಲಾಯಿಸಿ. 60ರಲ್ಲಿ ಒಮ್ಮೆ ಮೂರನೇ ಗೇರ್, ಒಮ್ಮೆ ನಾಲ್ಕನೇ ಗೇರ್. ಗೇರ್ ಬದಲಾದಾಗ ಎಂಜಿನ್ನಿನ ಲಯ ಬದಲಾಗುತ್ತದೆ, ಚಕ್ರದ್ದು ಮತ್ತು ಪ್ರೊಪೆಲ್ಲರ್ ಶಾಫ್ಟಿನದು ಬದಲಾಗುವುದಿಲ್ಲ. ನಡುಕವೂ ಬದಲಾದರೆ ಎಂಜಿನ್, ಹಾಗೇ ಉಳಿದರೆ ಗೇರ್ ಬಾಕ್ಸಿನಿಂದ ಆಚೆಗಿನದು.

ಮೂರು: ನಡುಗುವ ವೇಗದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ತಕ್ಷಣ ನಿಂತರೆ ಕೀಲಿನ ಕೋನ ಅಥವಾ ಮೌಂಟಿಂಗ್. ನಿಲ್ಲದಿದ್ದರೆ ಚಕ್ರ, ಟೈರ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್. ಪೂರ್ತಿ ತಿರುಗಿಸಿದಾಗ ಟಕಟಕ ಎಂದರೆ ಹೊರಗಿನ ಗುಂಡುಗಳ ಕೀಲು.

ನಾಲ್ಕು: ಕಾರು ಖಾಲಿಯಿದ್ದಾಗ ಮತ್ತು ಮನೆಮಂದಿ ಕುಳಿತಾಗ ವ್ಯತ್ಯಾಸವಿದೆಯೇ ನೋಡಿ. ಜನ ಕುಳಿತಾಗ ಕಾರು ಇನ್ನಷ್ಟು ತಗ್ಗುತ್ತದೆ. ಆಗ ನಡುಕ ಹೆಚ್ಚಿದರೆ ಕೋನದ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಜೆ.ಪಿ. ನಗರದ ಒಂದು ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಗ 40 ಮಿಲಿಮೀಟರ್ ಗಿಡ್ಡ ಸ್ಪ್ರಿಂಗನ್ನೂ ಹೊಸ ಅಲಾಯ್ ಚಕ್ರವನ್ನೂ ಒಂದೇ ದಿನ ಹಾಕಿಸಿದ ಎಂದಿಟ್ಟುಕೊಳ್ಳಿ. "ಅಪ್ಪಾ, ಸ್ಪ್ರಿಂಗ್ ಹಾಕಿಸಿದ ಮೇಲೇ ನಡುಕ ಬಂತು" ಎನ್ನುತ್ತಾನೆ ಮಗ. ನಿಜವೇ. ಆದರೆ ಚಕ್ರ ಹಾಕಿಸಿದ ಮೇಲೂ ಬಂತಲ್ಲವೇ? ಎರಡು ಅಂಶಗಳನ್ನು ಒಟ್ಟಿಗೆ ಬದಲಾಯಿಸಿದರೆ ಫಲಿತಾಂಶಕ್ಕೆ ಕಾರಣ ಯಾವುದೆಂದು ಹೇಳಲಾಗದು. ಶಾಲೆಯ ಪ್ರಯೋಗಶಾಲೆಯ ಈ ಮೊದಲ ಪಾಠ ಗ್ಯಾರೇಜಿಗೂ ಅನ್ವಯಿಸುತ್ತದೆ. ಹಳೆಯ ಚಕ್ರಗಳನ್ನು ವಾಪಸ್ ಹಾಕಿ ನೋಡುವುದು ಸ್ವಲ್ಪ ಹೊತ್ತಿನ ಕೆಲಸ, ಖರ್ಚೂ ಇಲ್ಲ. ನಡುಕ ಹೋದರೆ ಅಪರಾಧಿ ಚಕ್ರ. ಹೋಗದಿದ್ದರೆ ಹೊಸ ಟೈರಿಗೆ ಹಣ ಸುರಿಯುವುದು ತಪ್ಪಿತು. ಅಗ್ಗದ ಪರೀಕ್ಷೆ ಮೊದಲು, ದುಬಾರಿ ದುರಸ್ತಿ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ದಿನಾಂಕ ಹಾಕಿ ಬರೆದಿಡುವುದು.

ಕೋನವೇ ಕಾರಣವೆಂದು ಖಚಿತವಾದರೆ ಕಾರನ್ನು ಸ್ವಲ್ಪ ಮೇಲೆತ್ತುವುದೇ ಸರಳ ಮದ್ದು. ಅದಕ್ಕೂ ಮೊದಲು ಇನ್ನೊಂದು ಸಂಗತಿ ವಿಚಾರಿಸಬೇಕು. ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಡೆಯ ಸಲ ಬಿಗಿಯಬೇಕಾದದ್ದು ಕಾರು ತನ್ನ ತೂಕದಲ್ಲಿ ಚಕ್ರದ ಮೇಲೆ ನಿಂತಾಗ. ಜಾಕಿನ ಮೇಲೆ ಚಕ್ರ ತೂಗಾಡುತ್ತಿರುವಾಗಲೇ ಬಿಗಿದರೆ ಕಾರು ಇಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ಸದಾ ಹಿಂಡಿದ ಬಟ್ಟೆಯಂತೆ ಇರುತ್ತದೆ. ರಸ್ತೆಯ ಅದುರಾಟವನ್ನು ಹೀರುವ ಬದಲು ದಾಟಿಸುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಸಡಿಲಿಸಿ, ಕಾರು ಇಳಿಸಿ, ಮತ್ತೆ ಬಿಗಿಯುವುದಕ್ಕೆ ಹೊಸ ಭಾಗವೇನೂ ಬೇಕಿಲ್ಲ.

ಮೊಬೈಲೇ ಪ್ರಯೋಗಶಾಲೆ

ನಡುಕದ ಲಯವನ್ನು ಊಹಿಸುವ ಬದಲು ಅಳೆಯಲೂಬಹುದು. ಮೊಬೈಲ್ ಫೋನಿನೊಳಗೆ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಸಾಧನವಿದೆ. ಫೋನ್ ಅಡ್ಡ ಹಿಡಿದಾಗ ಚಿತ್ರ ತಿರುಗುವುದು ಅದರಿಂದಲೇ. ಜರ್ಮನಿಯ ಆಕೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಈ ಸಾಧನದ ಅಂಕಿಗಳನ್ನು ಆವೃತ್ತಿಯ ನಕ್ಷೆಯಾಗಿ ತೋರಿಸುತ್ತದೆ. ಫೋನನ್ನು ಸೀಟಿನ ಕಂಬಿಗೆ ಬಿಗಿಯಾಗಿ ಕಟ್ಟಿ, ಚಾಲಕನಲ್ಲದ ಇನ್ನೊಬ್ಬರು ಅಳತೆ ಮಾಡಬೇಕು. ನಕ್ಷೆಯ ಶಿಖರ 80 ಕಿ.ಮೀ. ವೇಗದಲ್ಲಿ 12 ಹರ್ಟ್ಸ್ ಬಳಿ ಬಂದರೆ ಚಕ್ರ, 37ರ ಬಳಿ ಬಂದರೆ ಮೂರು ಉರುಳೆಗಳ ಕೀಲು.

ಒಂದು ಎಚ್ಚರಿಕೆ. ಸೆಕೆಂಡಿಗೆ 100 ಸಲ ಅಳೆಯುವ ಫೋನಿಗೆ 50 ಹರ್ಟ್ಸ್‌ಗಿಂತ ಹೆಚ್ಚಿನ ಕಂಪನ ಸರಿಯಾಗಿ ಕಾಣುವುದಿಲ್ಲ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಂಡ ಹಾಗೆ, ಅದು ಬೇರೊಂದು ಸುಳ್ಳು ಆವೃತ್ತಿಯನ್ನೇ ತೋರಿಸಬಹುದು. ಪ್ರೊಪೆಲ್ಲರ್ ಶಾಫ್ಟಿನ ಗುಂಯ್ ದನಿಗೆ ಮೈಕ್ರೊಫೋನೇ ಸರಿ.

ಉಬ್ಬಿನ ಲೆಕ್ಕ

ತಗ್ಗಿಸುವ ಮೊದಲೇ ಮಾಡಬೇಕಾದ ಇನ್ನೊಂದು ಲೆಕ್ಕ ರಸ್ತೆ ಉಬ್ಬಿನದು. ಭಾರತೀಯ ರಸ್ತೆ ಕಾಂಗ್ರೆಸ್ 1988ರ ತನ್ನ ಮಾರ್ಗಸೂಚಿಯಲ್ಲಿ ಉಬ್ಬಿನ ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಬಾಗಿನ ತ್ರಿಜ್ಯ 17 ಮೀಟರ್. ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಇದ್ದರೆ ನಾಲ್ಕೂ ಚಕ್ರಗಳು ಒಟ್ಟಿಗೆ ಉಬ್ಬಿನ ಮೇಲೇ ನಿಲ್ಲುತ್ತವೆ. ಆಗ ಕಾರಿನ ನಡುಭಾಗದಡಿ ಉಬ್ಬು ಎದ್ದಿರುವುದು 1.2ರ ವರ್ಗವನ್ನು 34ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 4 ಸೆಂ.ಮೀ. ಮಾತ್ರ. ನೆಲದಿಂದ 16.5 ಸೆಂ.ಮೀ. ಎತ್ತರದ ಕಾರನ್ನು 4 ಸೆಂ.ಮೀ. ತಗ್ಗಿಸಿದರೂ ನಿಯಮದಂತೆ ಕಟ್ಟಿದ ಉಬ್ಬನ್ನು ಅದು ಸರಾಗ ದಾಟಬೇಕು.

ಆದರೆ ಬಡಾವಣೆಗಳ ಅಡ್ಡರಸ್ತೆಗಳ ಉಬ್ಬುಗಳೆಲ್ಲ ಈ ಅಳತೆಯವಲ್ಲ. ಮೀಟರ್ ಅಗಲಕ್ಕೆ 15 ಸೆಂ.ಮೀ. ಎದ್ದು ನಿಂತ ಗಿಡ್ಡ ಉಬ್ಬಿನಲ್ಲಿ ಚಕ್ರಗಳು ಆಚೆ ಈಚೆ ನೆಲದ ಮೇಲಿದ್ದು, ಪೂರ್ತಿ 15 ಸೆಂ.ಮೀ. ಕಾರಿನ ಹೊಟ್ಟೆಗೆ ಬರುತ್ತದೆ. 12.5 ಸೆಂ.ಮೀ. ಎತ್ತರದ ಕಾರು ಅಲ್ಲಿ ಉಜ್ಜಲೇಬೇಕು. ಉಜ್ಜಿದಾಗ ಸೈಲೆನ್ಸರ್ ಕೊಳವೆ ಬಾಗಿ ಮೈಗೆ ತಾಗುತ್ತದೆ, ಎಂಜಿನ್ನಿನ ಸಹಜ ಅದುರಾಟವೆಲ್ಲ ನೇರ ಒಳಗೆ ಬರುತ್ತದೆ. ಮೊದಲ ಪರೀಕ್ಷೆಯಲ್ಲಿ ಸೈಲೆನ್ಸರ್ ನೋಡಬೇಕೆಂದದ್ದು ಈ ಕಾರಣಕ್ಕೆ.

ಕಾನೂನು ಮತ್ತು ಮನೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಜನವರಿ 2019ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಕಾಯ್ದೆ ಒಪ್ಪದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಇಲ್ಲಿ ಮಾಲೀಕರು ಎಂದರೆ ಯಾರ ಹೆಸರಿನಲ್ಲಿ ಕಾರಿದೆಯೋ ಅವರು. ವಿದ್ಯಾರ್ಥಿ ಓಡಿಸುವ ಕಾರಿನ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಅಪ್ಪನದೋ ಅಮ್ಮನದೋ ಹೆಸರು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರ ಕೇಳುವಾಗ ತಕರಾರಿಗೆ ಎಡೆಮಾಡಬಹುದು. ಹಾಗಾಗಿ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ವಿಚಾರಿಸುವುದು ಒಳ್ಳೆಯದು.

ಮಗನ ಹಂಬಲವನ್ನು "ಹುಚ್ಚು" ಎಂದು ತಳ್ಳಿಹಾಕುವ ಮುನ್ನ ಮೇಲಿನ ಲೆಕ್ಕಗಳನ್ನು ಅವನಿಂದಲೇ ಮಾಡಿಸಿ ನೋಡಬಹುದು. ನಮ್ಮ ಕಾರಿನ ಟೈರಿನ ಸುತ್ತಳತೆ ಎಷ್ಟು? ಶಾಫ್ಟ್ ಈಗ ಯಾವ ಕೋನದಲ್ಲಿದೆ? ನಮ್ಮ ಬೀದಿಯ ಉಬ್ಬಿನ ಎತ್ತರ ಎಷ್ಟು? ಒಂದು ಅಳತೆಪಟ್ಟಿ, ಒಂದು ಕೋನಮಾಪಕ, ಒಂದು ನೋಟ್ ಪುಸ್ತಕ ಇದಕ್ಕೆ ಸಾಕು. ಉತ್ತರಗಳನ್ನು ಬರೆದ ಮೇಲೂ ಕಾರು ತಗ್ಗಿಸಬೇಕು ಅನ್ನಿಸಿದರೆ, ಎಷ್ಟು ತಗ್ಗಿಸಬಹುದು ಎಂಬುದಾದರೂ ಅವನಿಗೆ ತಿಳಿದಿರುತ್ತದೆ. ಈಗಾಗಲೇ ತಗ್ಗಿಸಿ ನಡುಗುತ್ತಿರುವ ಕಾರಾದರೆ, ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ನಡುಗುತ್ತೆ, ನೋಡಿ" ಎನ್ನುವ ಬದಲು "60ರಲ್ಲಿ, ಕಾಲೊತ್ತಿದಾಗ ಮಾತ್ರ, ಸೆಕೆಂಡಿಗೆ 28 ಸಲ ನಡುಗುತ್ತೆ" ಎಂದು ಹೇಳಬಹುದು. ಆ ಒಂದು ವಾಕ್ಯ ಕೇಳಿದ ಒಳ್ಳೆಯ ಮೆಕ್ಯಾನಿಕ್ ಟೈರಿನ ಕಡೆ ನೋಡುವುದೇ ಇಲ್ಲ.